ಮಿಮೂನನ ಕತ್ತರಿ ಮತ್ತು ಬೆಂಕಿರೋಗ

ಮಿಮೂನನನ್ನು ಬರೀ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ‘ಮಾಲೆಮ್’ ಎನ್ನಬೇಕು, ಅಂದರೆ ಮೇಸ್ತ್ರಿ. ಅಲ್ ಹಾಜೆಬ್ ಪಟ್ಟಣದ ಮೇಲಿರುವ ನಮ್ಮ ಗುಡ್ಡದೂರಿನಲ್ಲಿ ಮರಸೇಬಿನ ಕೊಂಬೆ ಸವರುವುದು ಅವನ ಕಸುಬು. ಕೈ ಚುರುಕು, ಸುಳ್ಳಲ್ಲ. ಆದರೆ ಬಾಯಿ ಕೈಗಿಂತ ಚುರುಕು. ಟೀ ಅಂಗಡಿಯ ಮುಂದೆ ಕೂತು ಕಂಡವರ ತೋಟದ ಕಡೆ ಬೆರಳು ಮಾಡಿ, “ಇದನ್ನ ಸವರಿದೋನು ಕುರಿ ಉಣ್ಣೆ ಕತ್ತರಿಸೋನೇ ಇರಬೇಕು” ಎಂದು ನಗುವುದು ಅವನ ದಿನಚರಿ. ಕೆಲಸ ಮುಗಿದ ಮೇಲೆ ಕತ್ತರಿಯನ್ನು ಜೆಲಾಬಾ ನಿಲುವಂಗಿಯ ಅಂಚಿಗೆ ಒಂದು ಸಲ ಒರೆಸಿ ಸೊಂಟಕ್ಕೆ ಸಿಕ್ಕಿಸುತ್ತಿದ್ದ. ಅದಕ್ಕೆ ಸಿಗುತ್ತಿದ್ದ ಆರೈಕೆ ಅಷ್ಟೇ.

ಒಂದು ವರ್ಷ ಅವನು ಮೆಕ್ನಾಸ್ ಬಯಲಿನ ಯಾವುದೋ ದೊಡ್ಡ ತೋಟದಿಂದ ಕಸಿಕಡ್ಡಿ ಬೇಡಿ ತಂದ. ಮಗುವಿನ ತಲೆಯಷ್ಟು ದಪ್ಪ ಹಣ್ಣು ಬಿಡುವ ತಳಿಯಂತೆ. ಊರಿಗೆಲ್ಲ ಡಂಗುರ ಹೊಡೆದು ತನ್ನ ಮರಗಳಿಗೆ ಕಸಿ ಕಟ್ಟಿದ. ಮುಂದಿನ ವಸಂತದಲ್ಲಿ ಹೂವೇನೋ ಬಂತು. ಬಂದ ಕೆಲವೇ ದಿನಗಳಲ್ಲಿ ಹೂಗೊಂಚಲೆಲ್ಲ ಕರಕಲಾಯಿತು. ಎಳೆ ಚಿಗುರುಗಳು ಊರುಗೋಲಿನ ಹಿಡಿಯಂತೆ ಬಾಗಿ ಕಪ್ಪಾದವು. ಎಲೆಗಳು ಉದುರಲೂ ಇಲ್ಲ, ಬೆಂಕಿಯಲ್ಲಿ ಸುಟ್ಟು ತೆಗೆದಂತೆ ಕೊಂಬೆಗೇ ನೇತುಬಿದ್ದವು.

ತಾನು ತಂದ ಕಡ್ಡಿಯ ಮೇಲೆ ಅನುಮಾನಪಡುವಷ್ಟು ವಿನಯ ಮಿಮೂನನಿಗೆ ಎಲ್ಲಿಂದ ಬರಬೇಕು? ಬೇಲಿಯಾಚೆ ವಿಧವೆ ರಬ್ಹಾಳ ತೋಟವಿತ್ತು. ಅವಳು ಜೇನು ಸಾಕಿದ್ದಳು. ಅವನಿಗೆ ಅಷ್ಟು ಸಾಕಾಯಿತು. ಶುಕ್ರವಾರದ ನಮಾಜು ಮುಗಿಸಿ ಹೊರಬಂದವರ ಮುಂದೆ ನಿಂತು, ರೋಗ ತಂದದ್ದು ಆ ಹುಳಗಳೇ ಎಂದು ಸಾರಿದ. ಗಂಡಸರೆಲ್ಲ ಗಡ್ಡ ನೀವಿಕೊಂಡು ತಲೆಯಾಡಿಸಿದರು. ನಮ್ಮೂರಲ್ಲಿ ಗಟ್ಟಿಯಾಗಿ ಹೇಳಿದ್ದೇ ಸತ್ಯ. ಎಲ್ಲರೂ ಅವನ ಹಿಂದೆ ರಬ್ಹಾಳ ಬಾಗಿಲಿಗೆ ಹೋದೆವು.

“ನೋಡು ರಬ್ಹಾ ತಾಯಿ, ಊರಿನ ಒಳ್ಳೇದಕ್ಕೆ ಹೇಳ್ತಿದೀನಿ. ಆ ಪೆಟ್ಟಿಗೆಗಳನ್ನೆಲ್ಲ ಗುಡ್ಡದ ಮೇಲಕ್ಕೆ ಸಾಗಿಸ್ಬಿಡು.”

“ಇಷ್ಟು ಜನ ಬಂದ್ಮೇಲೆ ಸಾಗಿಸ್ದೆ ಇರಕ್ಕಾಗತ್ತಾ? ಆದ್ರೆ ಕೇಳ್ಕೋ ಮಿಮೂನ್, ನನ್ನ ಹುಳಾನ ವಿಷ ಅಂದ ಬಾಯಿ ಈ ಬೇಲಿ ದಾಟಬಾರ್ದು. ನೀನೂ ಬರ್ಬೇಡ, ನಿನ್ನ ಕತ್ತರೀನೂ ಬರ್ಬೇಡ.”

“ಮಾಲೆಮ್ ಅನ್ನು.”

“ಹೋಗೋ, ಕಂಡಿದೀನಿ!”

ಜೇನುಪೆಟ್ಟಿಗೆಗಳು ಗುಡ್ಡ ಹತ್ತಿದವು. ಮಿಮೂನ ಊರಿನ ವೈದ್ಯನಾದ. ಯಾರ ತೋಟದಲ್ಲಿ ಒಂದು ಚಿಗುರು ಕಪ್ಪಾದರೂ ಕರೆ ಹೋಗುತ್ತಿತ್ತು. ಅವನು ಇಬ್ಬನಿ ಆರುವ ಮೊದಲೇ ಬಂದು, ಕಪ್ಪಾದಲ್ಲಿಗೆ ಸರಿಯಾಗಿ ಕತ್ತರಿಸಿ, ಅದೇ ಒದ್ದೆ ಕತ್ತರಿಯಿಂದ ಪಕ್ಕದ ಮರವನ್ನೂ ‘ಮುಂಜಾಗ್ರತೆಗೆ’ ಸವರಿ ಹೋಗುತ್ತಿದ್ದ. ಹುಳಗಳಿಲ್ಲದ ಊರಿನಲ್ಲಿ ಮರುವರ್ಷ ರೋಗ ತಾಗದ ಒಂದು ಸಾಲೂ ಉಳಿಯಲಿಲ್ಲ. ರಬ್ಹಾಳ ತೋಟದಲ್ಲಿ ಮಾತ್ರ ಎಲ್ಲೋ ಒಂದೆರಡು ಕೊಂಬೆ ಸುಟ್ಟಿದ್ದವು. ಅವಳು ಸಿಟ್ಟಿನಲ್ಲಿ ಅವನ್ನು ಬುಡಸಮೇತ ಕಡಿದು ರೊಟ್ಟಿ ಒಲೆಗೆ ತುರುಕಿದ್ದಳು. ರೋಗದ ಗುಟ್ಟು ಅವಳಿಗೂ ಗೊತ್ತಿರಲಿಲ್ಲ. ಸಿಟ್ಟಿಗೆ ಅಳತೆ ಇರುವುದಿಲ್ಲ, ಅದೇ ಅವಳ ತೋಟವನ್ನು ಕಾಪಾಡಿತು.

ಕೊನೆಗೆ ಕೃಷಿ ಕಚೇರಿಯಿಂದ ಸಿಹಾಮ್ ಎಂಬ ಅಧಿಕಾರಿ ಬಂದಳು. ಮಿಮೂನನ ತೋಟದಲ್ಲೇ ಊರು ಸೇರಿತು. ಅವಳು ಚಾಕುವಿನಿಂದ ಒಂದು ಕೊಂಬೆಯ ತೊಗಟೆ ಸುಲಿದಳು. ಕಪ್ಪಾದ ಭಾಗಕ್ಕಿಂತ ಎಷ್ಟೋ ಕೆಳಗೆ, ಹಸಿರಾಗಿ ಕಾಣುತ್ತಿದ್ದ ಕಡೆಯೂ ಒಳಗೆ ಕೆಂಗಂದು ಗೆರೆಗಳಿದ್ದವು. ಅದೇ ಕೊಂಬೆಯ ಹುಣ್ಣೊಂದರಲ್ಲಿ ಹೊಂಬಣ್ಣದ ಅಂಟುಹನಿ ಜಿನುಗಿತ್ತು.

“ಇದು ಬೆಂಕಿರೋಗ, ಬ್ಯಾಕ್ಟೀರಿಯಾದಿಂದ ಬರೋದು. ಈ ಒಂದ್ ಹನೀಲೇ ಕೋಟಿಗಟ್ಟಲೆ ಇರತ್ತೆ,” ಎಂದಳು. “ಚಳಿಗಾಲ ಪೂರ್ತಿ ತೊಗಟೆ ಹುಣ್ಣಲ್ಲಿ ಅಡಗಿರತ್ತೆ. ಮರದಲ್ಲಿ ರಸ ಏರೋ ಹೊತ್ತಿಗೆ ಹೊರಗೆ ಜಿನುಗತ್ತೆ. ಮಳೆಹನಿ, ನೊಣ, ಜೇನು ಅದನ್ನ ಹೂವಿಗೆ ಮುಟ್ಟಿಸ್ತವೆ. ಹೂವಿಂದ್ಲೋ ಗಾಯದಿಂದ್ಲೋ ಒಳಗಿಳಿದು ಹಸಿ ತೊಗಟೇನ ಕೊಲ್ಲತ್ತೆ, ರಸದ ದಾರಿ ಕಟ್ಟತ್ತೆ.”

“ಜೇನು! ಕೇಳಿಸ್ಕೊಂಡ್ರಾ?” ಮಿಮೂನ ಎದೆಯುಬ್ಬಿಸಿದ.

“ಜೇನೂ ಒಯ್ಯತ್ತೆ ಮಾಲೆಮ್. ಆದ್ರೆ ಜೇನು ರೋಗದ ಕೊಂಬೆ ಕುಯ್ದು ಅದೇ ಕತ್ತರೀಲಿ ಪಕ್ಕದ ಮರ ಕುಯ್ಯಲ್ಲ. ಕಪ್ಪಾಗಿರೋದು ಸತ್ತ ಜಾಗ, ರೋಗ ಆಗ್ಲೇ ಒಂದ್ ಮೊಳ ಮುಂದೆ ಹೋಗಿರತ್ತೆ. ಅಲ್ಲಿಂದ ಕೆಳಗೆ ಕಡೀಬೇಕು. ಪ್ರತಿ ಸಲ ಕತ್ತರೀನ ಜಾವೆಲ್ ನೀರಲ್ಲಿ ಅದ್ದಬೇಕು.”

“ಬಟ್ಟೆ ಬೆಳ್ಳಗೆ ಮಾಡೋ ನೀರಲ್ವಾ? ಒಂದೊಂದು ಕೊಂಬೆಗೂ ಕತ್ತರಿಗೆ ಕೈಕಾಲು ತೊಳೆಸಿ ವುಜೂ ಮಾಡಿಸ್ಬೇಕಾ ತಾಯಿ? ಆಮೇಲೆ ನಮಾಜಿಗೂ ನಿಲ್ಲಿಸ್ಲಾ?”

ಜನ ನಕ್ಕರು. ನಗು ಸಿಕ್ಕಿದರೆ ಮಿಮೂನನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ಅವನ ಅಪ್ಪ ನೆಟ್ಟ ಮರವಿತ್ತು, ಇನ್ನೂ ಸೋಂಕು ತಾಗಿರಲಿಲ್ಲ. ಅವನು ಆ ಅಂಟು ಜಿನುಗುವ ಕೊಂಬೆಯನ್ನು ಕಚಕ್ಕನೆ ಕತ್ತರಿಸಿ, ನೇರ ಹೋಗಿ ಅಪ್ಪನ ಮರದ ಚಿಗುರುಗಳನ್ನು ಅದೇ ಕತ್ತರಿಯಿಂದ ಒಂದೊಂದಾಗಿ ತರಿದ.

“ಬೇಡ, ನಿಲ್ಸಿ!” ಎಂದು ಸಿಹಾಮ್ ಓಡಿದಳು.

“ಏನಾಗತ್ತೋ ನೋಡೇ ಬಿಡೋಣ. ನನ್ನ ಕೈ ಸುಳ್ಳೋ, ನಿಮ್ಮ ಓದು ಸುಳ್ಳೋ!”

ಎಲ್ಲರೂ ನೋಡಿದೆವು. ಅವನ ಕತ್ತರಿ ಎಲ್ಲೆಲ್ಲಿ ಆಡಿತ್ತೋ ಅಲ್ಲಲ್ಲಿಂದಲೇ ಮರ ಕಪ್ಪಾಗತೊಡಗಿತು. ತಿಂಗಳು ತುಂಬುವುದರೊಳಗೆ ರೋಗ ಕಾಂಡಕ್ಕಿಳಿಯಿತು. ಊರಿನ ಮುಂದೆ ತಾನೇ ತನ್ನ ಮೇಲೆ ಸಾಕ್ಷಿ ನುಡಿದ ಗಂಡು ಏನೆಂದ ಗೊತ್ತೇ? “ಯಾರೋ ಆಗದೋರು ಬುಡಕ್ಕೆ ವಿಷ ಹಾಕಿದಾರೆ.”

ಈ ಸಲ ಯಾರೂ ಗಡ್ಡ ನೀವಲಿಲ್ಲ.

ರೋಗ ಬಿದ್ದ ತೋಟಗಳನ್ನೆಲ್ಲ ಬೇರುಸಮೇತ ಕಿತ್ತು ಸುಡಬೇಕಾಯಿತು. ಹೊಗೆ ಕಣಿವೆಯನ್ನೆಲ್ಲ ತುಂಬಿತು. ಅಪ್ಪನ ಮರಕ್ಕೆ ಕೊಡಲಿ ಬಿದ್ದಾಗ ಮಿಮೂನ ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ನನಗೆ ಕನಿಕರ ಹುಟ್ಟುವುದರಲ್ಲಿತ್ತು. ಅಷ್ಟರಲ್ಲಿ ಅವನು ಕಣ್ಣೊರೆಸಿಕೊಂಡು, “ಮರ ಕಡಿಯೋದಕ್ಕೂ ಬರಲ್ಲ ಈ ನನ್ಮಕ್ಕಳಿಗೆ” ಎಂದ.

ಆಮೇಲೆ ಸವರಲು ಊರಿನಲ್ಲಿ ಉಳಿದದ್ದು ರಬ್ಹಾಳ ತೋಟವೊಂದೇ. ಅವಳ ಕೀಲುಗಳು ಹಿಡಿದುಕೊಂಡಿದ್ದವು, ಕತ್ತರಿ ಒತ್ತಲಾಗುತ್ತಿರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಮಿಮೂನ ಅವಳ ಬೇಲಿಯ ಹೊರಗೆ ಕೆಮ್ಮಿದ. ಅವಳು ಜಾವೆಲ್ ನೀರಿನ ಬಕೆಟ್ಟನ್ನು ತಂದು ಅವನ ಕಾಲ ಬಳಿ ಕುಕ್ಕಿದಳು.

“ಒಂದ್ ಸಲ ಅದ್ದೋದು ಮರೆತ್ರೂ, ಈ ನೀರನ್ನ ನಿನ್ನ ತಲೆ ಮೇಲೆ ಸುರೀತೀನಿ.”

ಅವನು ಬಕೆಟ್ಟು ಎತ್ತಿಕೊಂಡು ಬೇಲಿ ದಾಟಿದ. ಸಂಜೆಯವರೆಗೂ ಕತ್ತರಿಸಿದ, ಅದ್ದಿದ, ಕತ್ತರಿಸಿದ, ಅದ್ದಿದ. ಬೆರಳ ಚರ್ಮ ಬೆಳ್ಳಗೆ ಸುಲಿಯಿತು.

ಮುಂದಿನ ಸಂತೆಯ ದಿನ ಆಚೆಯೂರಿನವರು ಟೀ ಅಂಗಡಿಯ ಮುಂದೆ ಅವನ ಸುತ್ತ ಕೂತಿದ್ದರು. ಮಿಮೂನ ಸುಲಿದ ಬೆರಳುಗಳನ್ನು ಅವರ ಮೂಗಿನ ಹತ್ತಿರ ಹಿಡಿದು ಹೇಳುತ್ತಿದ್ದ: “ಜಾವೆಲ್ ನೀರಿನ ಉಪಾಯ ಇದೆಯಲ್ಲ, ಓದಿದೋರಿಗೂ ಹೊಳೆದಿರ್ಲಿಲ್ಲ. ಈ ತಲೆಗೇ ಮೊದ್ಲು ಹೊಳೆದಿದ್ದು.” ಅವರು ಗಡ್ಡ ನೀವಿಕೊಂಡು ಕೇಳುತ್ತಿದ್ದರು.