ಹಿಡಿಯದ ಕೈ

ಹೋದ ವಾರ ಸೊರಬದಿಂದ ಜಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ಮುದುಕರ ಹೆಗಲ ಮೇಲೆ ಕರಿ ಕಂಬಳಿಯಿತ್ತು. ಸೋನೆಗೆ ನೆನೆದು ಅರ್ಧ ಒಣಗಿದ ಕಂಬಳಿ. ಕುರಿ, ಹೊಗೆ, ಮಣ್ಣು ಎಲ್ಲ ಸೇರಿದ ವಾಸನೆ. ನಾನು ಪಾಠ ಹೇಳುವ ಶಾಲೆ ಬರುವವರೆಗೂ ಆ ವಾಸನೆ ನನ್ನನ್ನು ತೊಗರ್ಸಿ ಹತ್ತಿರದ ನಮ್ಮೂರಿನಲ್ಲಿ, ದೊಡ್ಡವ್ವನ ಕಟ್ಟೆಯ ಮೇಲೆ ಕೂರಿಸಿಬಿಟ್ಟಿತ್ತು.

ಅವಳು ಸಂಬಂಧದಲ್ಲಿ ನನಗೆ ದೊಡ್ಡವ್ವನಲ್ಲ, ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೂ ನಲವತ್ತು ಕುರಿ ಸಾಕಿಕೊಂಡು, ಎರಡು ಎಕರೆ ಜೋಳ ಬೆಳೆದುಕೊಂಡು ಗಟ್ಟಿಯಾಗಿ ನಿಂತ ಹೆಂಗಸು. ಒಬ್ಬಳೇ ಮಗಳು. ಆ ಮಗಳು ನನ್ನ ಗೆಳತಿ, ಒಂದನೇ ತರಗತಿಯಿಂದ ಒಂದೇ ಬೆಂಚು. ಖೋ ಖೋ ಆಡುವಾಗ ಅವಳ ಕೂಗು ಊರ ಬಾಗಿಲಿಗೆ ಕೇಳುತ್ತಿತ್ತು. ಸುಳ್ಳು ಹೇಳುವುದರಲ್ಲಿ ಜಾಣೆ. ನನ್ನ ಹೊಸ ಪೆನ್ನು ಕದ್ದು, ನನ್ನ ಜೊತೆಯೇ ಕೂತು ಹುಡುಕಿದವಳು.

ನಾವು ಎರಡನೇ ಪಿಯುಸಿಯಲ್ಲಿದ್ದಾಗ, ಒಂದು ರಜೆಯ ದಿನ ಊರಿನ ಹೆಂಗಸರು ಶುಂಠಿ ಕೀಳುವ ಕೆಲಸಕ್ಕೆ ಲಗೇಜ್ ಆಟೊದಲ್ಲಿ ಹೊರಟರು. ತಾಯಿ ಮಗಳಿಬ್ಬರೂ ಹೋದರು. ನಾನೂ ಬರುತ್ತೇನೆಂದಿದ್ದೆ, ಅಪ್ಪ ಬಿಡಲಿಲ್ಲ. ಕೆರೆ ಏರಿಯ ಮೇಲೆ ಟೈರು ಸಿಡಿದು ಗಾಡಿ ನೀರಿಗೆ ಉರುಳಿತು. ನಾಲ್ವರು ಸತ್ತರು. ಅದರಲ್ಲಿ ನನ್ನ ಗೆಳತಿಯೂ ಒಬ್ಬಳು.

ಅವತ್ತು ದೊಡ್ಡವ್ವ ಕೂತಿದ್ದು ಮುಂದೆ, ಡ್ರೈವರ್ ಪಕ್ಕದಲ್ಲಿ. ಭುಜ ಮುರಿದು ಪ್ರಜ್ಞೆ ತಪ್ಪಿದ್ದ ಅವಳನ್ನು ಯಾರೋ ಎಳೆದು ಏರಿಯ ಮೇಲೆ ಮಲಗಿಸಿದ್ದರು. ಮೂರನೇ ದಿನ ಶಿಕಾರಿಪುರದ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಅವಳೇ ಹೇಳಿದಳು.

"ನಾ ಮುಂದೆ ಕುಂತಿದ್ದೆ ಕಣವ್ವ. ಅವ್ಳು ಹಿಂದೆ ಹುಡ್ಗೇರ ಜೊತಿಗೆ ನಕ್ಕೋತ ಕುಂತಿದ್ಲು. ಆಮ್ಯಾಕೆ ನಂಗೇನೂ ಗೊತ್ತಿಲ್ಲ. ನೀರೂ ನೋಡ್ಲಿಲ್ಲ, ಅವ್ಳನ್ನೂ ನೋಡ್ಲಿಲ್ಲ."

ಮೂರ್ನಾಲ್ಕು ವರ್ಷದ ಮೇಲೆ ಸಿನಿಮಾದವರು ಬಂದರು. ಬೆಂಗಳೂರಿನ ಹುಡುಗ, ಕನ್ನಡಕ, ಬಹಳ ವಿನಯ. ಇಡೀ ಮಧ್ಯಾಹ್ನ ದೊಡ್ಡವ್ವನ ಎದುರು ಚಾಪೆಯ ಮೇಲೆ ಕೂತು ಬರೆದುಕೊಂಡ. ಆಗ ನಾನೂ ಅಲ್ಲೇ ಇದ್ದೆ.

"ನಿಮ್ಮ ಮಗಳು ಕೊನೆಯದಾಗಿ ನಿಮ್ಮ ಹತ್ರ ಏನು ಮಾತಾಡಿದ್ರು ಅಮ್ಮಾ?" ಎಂದು ಕೇಳಿದ.

ದೊಡ್ಡವ್ವ ತುಸು ಯೋಚಿಸಿದಳು. "ಬುತ್ತಿಗೆ ಉಪ್ಪಿನಕಾಯಿ ಹಾಕ್ಬ್ಯಾಡ, ರೊಟ್ಟಿ ಮೆತ್ತಗಾಕಾವೆ ಅಂದ್ಲು. ನಾ ಹಾಕಿದ್ದೆ. ಅದ್ಕೆ ಸಿಟ್ಟು ಮಾಡ್ಕೊಂಡು ಹಿಂದೆ ಹೋಗಿ ಕುಂತ್ಲು ರೀ."

ಹುಡುಗ ಅದನ್ನು ಬರೆದುಕೊಳ್ಳಲಿಲ್ಲ. "ಬೇರೆ ಏನಾದ್ರೂ...?" ಎಂದ.

ಬೇರೆ ಏನೂ ಇರಲಿಲ್ಲ.

ಮರುವರ್ಷ ಸಿನಿಮಾ ಶಿಕಾರಿಪುರಕ್ಕೆ ಬಂದಾಗ ಅವಳನ್ನು ಕರೆದುಕೊಂಡು ಹೋದವಳು ನಾನೇ. ನಮ್ಮಣ್ಣ ಬೇಡವೆಂದಿದ್ದ. ಆದರೆ ಮಗಳನ್ನು ಇನ್ನೊಮ್ಮೆ ನೋಡುತ್ತೇನೆಂಬಂತೆ ಅವಳು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಸೀರೆ ಉಟ್ಟು ನನ್ನ ಬಾಗಿಲಿಗೆ ಬಂದು ನಿಂತಾಗ ಇಲ್ಲ ಎನ್ನಲಾಗಲಿಲ್ಲ.

ತೆರೆಯ ಮೇಲೆ 'ನೈಜ ಘಟನೆ ಆಧಾರಿತ' ಎಂದು ಬಂತು. ಆಮೇಲೆ ಒಂದು ಹರಕು ಗುಡಿಸಲು. ಹರಿದ ಲಂಗದ, ತಗ್ಗಿಸಿದ ಕಣ್ಣಿನ, ಮಾತೇ ಆಡದ ಒಂದು ಹುಡುಗಿ. ಬುಡ್ಡಿ ದೀಪದಲ್ಲಿ ಓದುವುದು, ತಾಯಿಗೆ ತುತ್ತು ಉಳಿಸಿ ತಾನು ನೀರು ಕುಡಿದು ಮಲಗುವುದು.

"ನಮ್ಮನ್ಯಾಗೆ ಕರೆಂಟ್ ಇತ್ತಲ್ಲವ್ವ," ಎಂದು ದೊಡ್ಡವ್ವ ನನ್ನ ಕಿವಿಯಲ್ಲಿ ಹೇಳಿದಳು. ಇನ್ನೂ ಸ್ವಲ್ಪ ಹೊತ್ತಿಗೆ, "ನಾ ಅವ್ಳನ್ನ ಉಪಾಸ ಕೆಡವಿದ್ದಿಲ್ಲ, ಒಂದಿನಾನೂ" ಎಂದಳು.

ಕೊನೆಗೆ ಕೆರೆ ಬಂತು. ತೆರೆಯ ತಾಯಿ ಒಂದು ಕೈಯಲ್ಲಿ ಬೇರು ಹಿಡಿದಿದ್ದಾಳೆ, ಇನ್ನೊಂದರಲ್ಲಿ ಮಗಳ ಕೈ. ಬೇರು ಕಿತ್ತು ಬರುತ್ತಿದೆ. ಮಗಳು, ಬಿಡವ್ವ, ನೀನಾದ್ರೂ ಬದುಕು, ಎನ್ನುತ್ತಾಳೆ. ತಾಯಿಯ ಬೆರಳುಗಳು ಒಂದೊಂದೇ ಸಡಿಲಾಗುತ್ತವೆ. ಥಿಯೇಟರಿನಲ್ಲಿ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ, "ಎಂಥಾ ತಾಯಿ, ಕೈ ಬಿಡಬಾರದಿತ್ತು" ಎಂದರು. ಮುಂದೆ ಕೂತವಳು ಯಾರೆಂದು ಅವರಿಗೇನು ಗೊತ್ತು... ನಾನು ತಿರುಗಿ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಬಸ್ಸಿನಲ್ಲಿ ಊರು ಬರುವವರೆಗೂ ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಊರಿನವರೂ ಸಿನಿಮಾ ನೋಡಿದರು. ಅವತ್ತು ಹೆಣ ಹೊತ್ತವರು, ಎಲ್ಲ ಕಣ್ಣಾರೆ ಕಂಡವರೇ, ನಿಧಾನಕ್ಕೆ ಸಿನಿಮಾದ ಕತೆಯನ್ನೇ ಹೇಳತೊಡಗಿದರು. ಹೊಸದಾಗಿ ಬಂದ ಸೊಸೆಯಂದಿರು ನೀರು ಹಿಡಿಯುವಾಗ ದೊಡ್ಡವ್ವನನ್ನು ತೋರಿಸಿ ಪಿಸುಗುಡುತ್ತಿದ್ದರು. ಮೊದಮೊದಲು ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. ಆಮೇಲೆ ಸುಮ್ಮನಾದಳು. ಆಮೇಲೆ... ಯಾವಾಗ ಎಂದು ಸರಿಯಾಗಿ ನೆನಪಿಲ್ಲ. ನಾನು ಕೆಲಸ ಸಿಕ್ಕಿ ಸೊರಬದಲ್ಲಿ ಮನೆ ಮಾಡಿದ್ದೆ. ಒಮ್ಮೆ ಊರಿಗೆ ಹೋದಾಗ, ಕುರಿ ಕೊಳ್ಳಲು ಬಂದವನೊಬ್ಬನಿಗೆ ಅವಳು ಹೇಳುತ್ತಿದ್ದದ್ದು ಕೇಳಿಸಿತು.

"ಹಿಡ್ಕೊಂಡಿದ್ದೆ ರೀ. ಬೇರು ಕಿತ್ತು ಬಂತು. ಕೈ ಬಿಟ್ಟುಬಿಟ್ಟೆ."

ಅವನು ಹೋದ ಮೇಲೆ ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಅವಳು ತೊಡೆಯ ಮೇಲೆ ಕಂಬಳಿ ಹರವಿಕೊಂಡು ಹರಿದಲ್ಲಿ ಹೊಲಿಗೆ ಹಾಕುತ್ತಿದ್ದಳು.

"ದೊಡ್ಡವ್ವ, ನೀನು ಮುಂದೆ ಕುಂತಿದ್ದೆ. ಆಸ್ಪತ್ರೆಯಾಗೆ ನೀನೇ ನಂಗೆ ಹೇಳಿದ್ಯಲ್ಲ. ಅಲ್ಲಿ ಬೇರೂ ಇರ್ಲಿಲ್ಲ, ಏನೂ ಇರ್ಲಿಲ್ಲ. ನೀನು ಯಾರ ಕೈನೂ ಬಿಟ್ಟಿಲ್ಲ."

ಅವಳು ಸೂಜಿ ನಿಲ್ಲಿಸಲಿಲ್ಲ. "ಗೊತ್ತೈತವ್ವ," ಎಂದಳು.

"ಮತ್ತ್ಯಾಕೆ ಹಂಗೆ ಹೇಳ್ತಿ?"

ದಾರವನ್ನು ಹಲ್ಲಲ್ಲಿ ಕಡಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ನೀ ಹೇಳೋದ್ರಾಗೆ ನನ್ ಮಗಳು ಸಿಟ್ಟು ಮಾಡ್ಕೊಂಡು ಒಬ್ಬಾಕೇ ಹೋಗ್ತಾಳೆ. ಸಿನಿಮಾದವ್ರದ್ರಾಗೆ ನಾ ಕೈ ಬಿಟ್ಟೇನಿ, ಖರೆ. ಆದ್ರೆ ಬಿಡಾಕಾದ್ರೂ ಮೊದ್ಲು ಹಿಡ್ಕೊಂಡಿರ್ಬೇಕಲ್ಲವ್ವ."

ಆಮೇಲೆ ನಾನು ಅವಳನ್ನು ತಿದ್ದಲಿಲ್ಲ. ಕಡೆಗಾಲದಲ್ಲಿ ಅವಳಿಗೆ ನಿದ್ದೆ ಇರಲಿಲ್ಲವಂತೆ. ಮಲಗಿದಲ್ಲೇ ಬಲಗೈ ಮುಷ್ಟಿ ಕಟ್ಟಿರುತ್ತಿತ್ತು, ಬಿಡಿಸಲು ಹೋದರೆ ಕೂಗುತ್ತಿದ್ದಳು ಎಂದು ನಮ್ಮಣ್ಣನ ಹೆಂಡತಿ ಹೇಳಿದಳು. ಹೋದ ವರ್ಷ ತೀರಿಕೊಂಡಳು. ಹಾಗೆ ಹಿಡಿದ ಮುಷ್ಟಿಯಲ್ಲೇ.

ಮೊನ್ನೆ ಆ ಸಿನಿಮಾ ಟೀವಿಯಲ್ಲಿ ಬಂದಿರಬೇಕು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಿಡುವಿನಲ್ಲಿ ಬಂದು, "ಮಿಸ್, ಅದು ನಿಮ್ಮೂರಲ್ಲಿ ಆಗಿದ್ದಂತೆ, ಹೌದಾ? ಆ ಹುಡುಗಿ ಪಾಪ, ನಿಜವಾಗ್ಲೂ ಹಾಗೇ ಇದ್ಲಾ?" ಎಂದು ಕೇಳಿದಳು.

ಹಾಗಿರಲಿಲ್ಲ ಎಂದೆ. ಜೋರು ಗಂಟಲಿನವಳು, ಕಳ್ಳಿ, ಸುಳ್ಳುಬುರುಕಿ, ಖೋ ಖೋದಲ್ಲಿ ಅವಳನ್ನು ಹಿಡಿದವರಿಲ್ಲ ಎಂದೆಲ್ಲ ಹೇಳಿದೆ. ಹುಡುಗಿಗೆ ನಂಬಿಕೆಯಾದಂತೆ ಕಾಣಲಿಲ್ಲ. "ನೋಡೋಕೆ ಹೇಗಿದ್ರು ಮಿಸ್?" ಎಂದಳು.

ಹೇಳಲು ಬಾಯಿ ತೆರೆದೆ. ಹತ್ತು ವರ್ಷಕ್ಕೂ ಹೆಚ್ಚು ಒಂದೇ ಬೆಂಚಿನಲ್ಲಿ ಕೂತವಳು. ಕಣ್ಣು ಮುಚ್ಚಿ ಎಷ್ಟು ನೆನೆದರೂ ಆ ನಟಿಯ ತಗ್ಗಿದ ಮುಖವೇ ಬಂತು... ನನ್ನ ಗೆಳತಿಯದು ಬರಲಿಲ್ಲ. ಕೇಳಿ ತಿಳಿದುಕೊಳ್ಳೋಣವೆಂದರೆ ದೊಡ್ಡವ್ವನೂ ಇಲ್ಲ.