ಕರಿ ಬಟ್ಟೆಯ ಆಚೆ ನಿಂತವಳು

ಆಕೆಯ ಹೆಸರನ್ನು ನಾನು ಕೇಳಲೇ ಇಲ್ಲ. ಆಡೂರಿನ ಬಯಲಲ್ಲಿ ಹುಲ್ಲು ಕೊಯ್ಯುವವಳು ಎಂದಷ್ಟೇ ಗೊತ್ತು. ಎರಡನೆಯ ಮಹಾಯುದ್ಧದ ಕಾಲ. ನಮ್ಮ ಅಪ್ಪನಿಗೆ ಶಾಸನಗಳ ಹುಚ್ಚು, ಕಾಲಿಗೆ ವಾತ. ಹೀಗಾಗಿ ಹಾನಗಲ್ಲಿನಿಂದ ಕ್ಯಾಮೆರಾ ಹೊತ್ತು ಹೋಗಿ ಕಲ್ಲುಗಳ ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕ್ಯಾಮೆರಾದ ಹಿಂದೆ ಇಳಿಬಿಟ್ಟ ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಬೆನ್ನ ಹಿಂದೆ ಯಾರು ಬಂದರೂ ಕಾಣದು. ಕಂಡದ್ದಕ್ಕೇ ಹೆದರುವವಳು ನಾನು. ಗಳಿಗೆಗೊಮ್ಮೆ ತಲೆ ಹೊರಗೆ ತೆಗೆದು ನೋಡುತ್ತಿದ್ದೆ.

ಅದನ್ನು ಕಂಡ ಆಕೆ ಕುಡಗೋಲು ಹಿಡಿದು ಬಂದು, ನನ್ನ ಬೆನ್ನಿಗೆ ಬೆನ್ನು ಮಾಡಿ ನಿಂತಳು. "ನೀವು ಮುಂದ ನೋಡ್ರಿ ಅಕ್ಕಾರ, ಹಿಂದ ನಾ ನೋಡ್ತೇನಿ." ಹೋದಾಗಲೆಲ್ಲ ಬಂದು ನಿಲ್ಲುವಳು, ಇದೇ ಮಾತು ಹೇಳುವಳು.

ಒಂದು ಮಧ್ಯಾಹ್ನ ನಾನು ಬಟ್ಟೆಯೊಳಗಿದ್ದಾಗ ಸಿಳ್ಳೆ ಕೇಳಿತು. ಇಬ್ಬರು ಗಂಡಸರು, ತೀರ ಹತ್ತಿರ.

"ಒಳಗ ಯಾರದಾಳ? ಬಟ್ಟಿ ಎತ್ತು, ಮಾರಿ ನೋಡೂಣು."

"ಮುಟ್ಟಬ್ಯಾಡ್ರೋ!" ಆಕೆ ಕೂಗಿದಳು. "ಅಕ್ಕಾರ ಮೈಮ್ಯಾಲೆ ದ್ಯಾಮವ್ವ ಬಂದಾಳ. ಆಮ್ಯಾಲೆ ನನ್ನ ಬೈಬ್ಯಾಡ್ರಿ."

ನನ್ನ ಕೈಕಾಲು ಗಡಗಡ ನಡುಗುತ್ತಿದ್ದವು. ಕರಿ ಬಟ್ಟೆಯೂ ಮೂರು ಕಾಲಿನ ಸ್ಟ್ಯಾಂಡೂ ಜೊತೆಗೆ ನಡುಗಿದವು. ಹೊರಗೆ ಚಪ್ಪಲಿ ಕಳಚಿದ ಸದ್ದು. ಆಮೇಲೆ ಒಬ್ಬ ಮೆಲ್ಲಗೆ, "ತಾಯಿ, ನಮ್ಮ ಎಮ್ಮಿ ತಪ್ಪಿಸಿಕೊಂಡೈತಿ, ಸಿಗತೈತೇನು?" ಎಂದ.

"ಸಿಗ್ತದ," ಎಂದೆ, ನನಗೇ ಗುರುತು ಸಿಗದ ದನಿಯಲ್ಲಿ.

ಅವರು ಹೋದ ಮೇಲೆ ಆಕೆ ಬಟ್ಟೆ ಸರಿಸಿದಳು. ನಗು ತಡೆಯಲಾರದೆ ಹುಲ್ಲಿನ ಹೊರೆಯ ಮೇಲೆ ಕುಸಿದು ಕುಳಿತಳು. "ಎಷ್ಟ ಛಂದ ನಡುಗಿದ್ರಿ ಅಕ್ಕಾರ! ಖರೇನ ದೇವರು ಬಂದಂಗ ಇತ್ತು."

ನನ್ನ ಅಂಜಿಕೆಯನ್ನು ಬೈದವರು ಮನೆ ತುಂಬ ಇದ್ದರು. ಹೊಗಳಿದವಳು ಆಕೆಯೊಬ್ಬಳೇ; ನನಗೆ ಐವತ್ತಾಯಿತು, ಇನ್ನೂ ಎರಡನೆಯವರು ಸಿಕ್ಕಿಲ್ಲ.