ಕ್ಲ್ಯಾಂಪಿನ ಬಾಯಿಗೆ ವಿಭೂತಿ

ಮಹದೇವಣ್ಣ ಯಾರೋ ಎತ್ತಿ ಎಸೆದ ಹಾಗೆ ಹಿಂದಕ್ಕೆ ಬಿದ್ದರು. ವೆಲ್ಡಿಂಗ್ ಟಾರ್ಚು ಕೈಯಿಂದ ಜಾರಿತು.

ಆಯುಧಪೂಜೆಯ ಮರುದಿನ, ನಮ್ಮ ಹೋಟೆಲಿನ ಅಲ್ಯೂಮಿನಿಯಂ ಇಡ್ಲಿ ಪಾತ್ರೆಯ ಬಿರುಕು ಮುಚ್ಚಿಸಲು ಕತ್ರಿಗುಪ್ಪೆಯ ಅವರ ಟಿಗ್ ವೆಲ್ಡಿಂಗ್ ಶೆಡ್ಡಿಗೆ ಹೋಗಿದ್ದೆ. ಟಾರ್ಚಿನ ತುದಿಯ ಕರೆಂಟಿನ ಕಿಡಿ, ಆರ್ಕ್, ಒಂದೆಡೆ ನಿಲ್ಲದೆ ಅತ್ತಿತ್ತ ಹಾರಾಡಿ ಆರಿಹೋಗುತ್ತಿತ್ತು. ಅವರು ಟಾರ್ಚಿನ ಕಡ್ಡಿ ಮಸೆದರು, ಗ್ಯಾಸ್ ನೋಡಿದರು, ಫ್ಯಾನ್ ಆರಿಸಿದರು. ಕೊನೆಗೆ ಬೇಸತ್ತು, ಬರಿಗೈಯಲ್ಲಿ ಪಾತ್ರೆ ಹಿಡಿದುಕೊಂಡೇ ಟಾರ್ಚು ಹೊತ್ತಿಸಿದ್ದರು.

ಸುಧಾರಿಸಿಕೊಂಡು ಎದ್ದವರು ಮಷೀನ್ ಆರಿಸಿ, ಕರೆಂಟನ್ನು ಮಷೀನಿಗೆ ವಾಪಸ್ ಒಯ್ಯಲು ಟೇಬಲಿಗೆ ಕಚ್ಚಿಸಿದ್ದ ಅರ್ಥ್ ಕ್ಲ್ಯಾಂಪ್ ಬಿಚ್ಚಿದರು. ಅದರ ಹಲ್ಲಿನ ತುಂಬ ವಿಭೂತಿ, ಗಂಧ ಒಣಗಿ ಗಟ್ಟಿಯಾಗಿತ್ತು. ವಾಪಸ್ ಹೋಗುವ ದಾರಿ ಮುಚ್ಚಿದ್ದರಿಂದ ಕರೆಂಟು ಅವರ ಮೈಯನ್ನೇ ಹಿಡಿದಿತ್ತು.

"ಅವ್ವಾ, ನಿನ್ನೆ ಪೂಜೆಗೆ ಮಷೀನಿಗೆ ಹಚ್ಚು ಅಂದ್ರೆ ಇದರ ಬಾಯಿಗೂ ತುಂಬಿದ್ದೀಯಲ್ಲ" ಅಂದರು, ಸದ್ದು ಕೇಳಿ ಓಡಿಬಂದಿದ್ದ ತಾಯಿಗೆ, ನಗಲು ನೋಡುತ್ತ.

ಅವರ ತಾಯಿ ನಗಲಿಲ್ಲ. "ನಿನ್ನನ್ನ ಕಾಯ್ಲಿ ಅಂತ್ಲೇ ಹಚ್ಚಿದ್ನಲ್ಲೋ ಮಗಾ" ಎಂದು ಮಗನ ಕೈಯನ್ನು ಬಿಡದೆ ಹಿಡಿದುಕೊಂಡರು.

ಹೋಟೆಲಿಗೆ ಬಂದವನೇ ಮೇನ್ ಸ್ವಿಚ್ ಆರಿಸಿ, ಗ್ರೈಂಡರಿನ ಪ್ಲಗ್ಗಿಗೆ ಮೆತ್ತಿದ್ದ ಅರಿಶಿನ ಕುಂಕುಮ ಒರೆಸತೊಡಗಿದೆ. ಹಚ್ಚಿದವರು ನಮ್ಮಮ್ಮ. "ಯಾಕೋ ಒರೆಸ್ತಿದೀಯ?" ಅಂತ ಕೇಳಿದರು. ನಾನು ಬಟ್ಟೆಗೆ ಹತ್ತಿದ್ದ ಕುಂಕುಮದಿಂದಲೇ ಗ್ರೈಂಡರಿನ ಹೊರಮೈಗೊಂದು ಬೊಟ್ಟಿಟ್ಟೆ.